ಸ್ಪ್ಯಾನಿಷ್ ಪಹಣಿ

ತಪ್ಪೆಲ್ಲ ಬೋರ್ಡಿನದು.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಬೇಕರಿಯೊಂದರ ಮಹಡಿ ಮೇಲೆ ಕೊಟ್ರೇಶನ ಟ್ಯುಟೋರಿಯಲ್ ಇದೆ. ಮೊದಲು ಅದರ ಬೋರ್ಡಿನಲ್ಲಿ ‘ಇಂಗ್ಲಿಷ್ ವ್ಯಾಕರಣ, ಸ್ಪೋಕನ್ ಇಂಗ್ಲಿಷ್’ ಎಂದಷ್ಟೇ ಇತ್ತು. ಒಂದು ದಿನ ಎದುರಿನ ಟ್ಯುಟೋರಿಯಲ್‌ನವರು ಇದ್ದಕ್ಕಿದ್ದಂತೆ ತಮ್ಮ ಬೋರ್ಡಿಗೆ ‘ಫ್ರೆಂಚ್’ ಎಂದು ಸೇರಿಸಿದರು. ಅದನ್ನು ಕಂಡು ಕೊಟ್ರೇಶನಿಗೆ ಹೊಟ್ಟೆ ಉರಿಯಿತು. ಮೊಬೈಲಿಗೆ ಆ್ಯಪ್ ಹಾಕಿಕೊಂಡು ಇಡೀ ಮಳೆಗಾಲ ‘ಹುಡುಗ ಸೇಬು ತಿನ್ನುತ್ತಾನೆ, ಹುಡುಗಿ ನೀರು ಕುಡಿಯುತ್ತಾಳೆ’ ಎಂದು ಉರು ಹೊಡೆದ. ದಪ್ಪನೆಯ ನಿಘಂಟೊಂದನ್ನು ತರಿಸಿದ. ಪೇಂಟರನ್ನು ಕರೆಸಿ ‘ಸ್ಪ್ಯಾನಿಷ್’ ಎಂದು ಬರೆಸಿಯೇಬಿಟ್ಟ. ಕಲಿಯಲು ಒಬ್ಬರೂ ಬರಲಿಲ್ಲ. ಬರದಿದ್ದದ್ದೇ ಅವನ ಪುಣ್ಯ.

ಭಾಷೆಗಳ ವಿಷಯದಲ್ಲಿ ಇಷ್ಟು ಧಾರಾಳಿಯಾದ ಕೊಟ್ರೇಶ್ ಒಂದೇ ಒಂದು ವಾಕ್ಯವನ್ನು ಯಾವ ಭಾಷೆಯಲ್ಲೂ ಹೇಳಲಾರದೆ ಒದ್ದಾಡುತ್ತಿದ್ದ. ಅವನ ಬಾಡಿಗೆ ಮನೆ ಸೊರಬದಲ್ಲಿ. ದಿನಾ ಬೆಳಗ್ಗೆ ಅಲ್ಲಿಂದ ಶಿಕಾರಿಪುರಕ್ಕೆ ಬಸ್ಸು ಹತ್ತುತ್ತಿದ್ದ. ಅದೇ ಬಸ್ಸಿನಲ್ಲಿ ಅಶ್ವಿನಿ ಶಿರಾಳಕೊಪ್ಪದವರೆಗೆ ಬರುತ್ತಿದ್ದಳು. ಅಲ್ಲಿನ ಸಹಕಾರಿ ಬ್ಯಾಂಕೊಂದರಲ್ಲಿ ಅವಳಿಗೆ ಕೆಲಸ. ಪಕ್ಕದ ಸೀಟಿನ ಮೇಲೆ ತನ್ನ ಬ್ಯಾಗಿಟ್ಟು ಅವನಿಗೆಂದು ಜಾಗ ಹಿಡಿದಿರುತ್ತಿದ್ದಳು. ಒಬ್ಬ ಗಂಡಸಿಗೆ ಇದಕ್ಕಿಂತ ಸ್ಪಷ್ಟವಾದ ಭಾಷೆಯಲ್ಲಿ ಹೇಳಬೇಕೆಂದರೆ ಡಂಗುರವನ್ನೇ ಹೊಡೆಸಬೇಕು.

“ಸರ್, ನಿನ್ನೆ ಏನೋ ಹೇಳ್ಬೇಕು ಅಂದ್ರಲ್ಲ?” ಎಂದು ಅವಳೇ ಕೇಳುತ್ತಿದ್ದಳು.

“ಅದೇ... ಈ ಬಸ್ಸು ಇತ್ತೀಚೆಗೆ ದಿನಾ ಲೇಟು ಕಣ್ರೀ.”

ಅಶ್ವಿನಿ ಕಿಟಕಿಯ ಕಡೆ ತಿರುಗುತ್ತಿದ್ದಳು. ಹೀಗೇ ಒಂದು ವರ್ಷ ಕಳೆದಿತ್ತು. ಬಸ್ಸು ಲೇಟಾಗುವುದನ್ನು ಬಿಟ್ಟಿರಲಿಲ್ಲ, ಇವನು ಅದನ್ನು ವರದಿ ಮಾಡುವುದನ್ನೂ ಬಿಟ್ಟಿರಲಿಲ್ಲ.

ಆ ಸೋಮವಾರ ಬೆಳಗ್ಗೆ, ಮೊದಲ ಬ್ಯಾಚಿನ ಹುಡುಗರು ಹೋದ ಮೇಲೆ, ಬಿಳಿ ಪಂಚೆ ಉಟ್ಟು ಹಣೆಗೆ ವಿಭೂತಿ ಇಟ್ಟ ದಪ್ಪನೆಯ ಯಜಮಾನರೊಬ್ಬರು ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು.

“ಸ್ಪ್ಯಾನಿಷ್ ಮೇಷ್ಟ್ರು ಅಂದ್ರೆ ನೀವೇ ಏನ್ರಿ?”

ಕೊಟ್ರೇಶ್ ಗಾಬರಿಯಿಂದ ಎದ್ದು ನಿಂತ. ಕಲಿಯಲು ಬಂದರೇ ಇವರು? ಈ ವಯಸ್ಸಿನಲ್ಲಿ?

“ನಾನು ಮಹೇಶ್ವರಪ್ಪ. ಸೊರಬದಾಗೆ ಗೊಬ್ಬರದಂಗಡಿ ಐತೆ. ನಮ್ಮ ಹುಡುಗಿ ಅಶ್ವಿನಿ ದಿನಾ ನಿಮ್ಮ ಬಸ್ಸಿಗೇ ಬರ್ತಾಳಂತೆ. ಅವಳೇ ನಿಮ್ಮ ಹೆಸರು ಹೇಳಿದ್ಲು. ಆ ಮೇಷ್ಟ್ರು ಇದ್ದದ್ದು ಇದ್ದಂಗೆ ಹೇಳ್ತಾರಪ್ಪಾಜಿ, ನೀವೇ ಹೋಗಿ ಭೇಟಿ ಆಗ್ರಿ ಅಂದ್ಲು.”

ಕೊಟ್ರೇಶ್ ಕುರ್ಚಿ ಎಳೆದುಕೊಡಲು ಹೋಗಿ ತಾನೇ ಅದಕ್ಕೆ ಎಡವಿದ. ಮಹೇಶ್ವರಪ್ಪನವರು ಕೂತು, ಫೈಲು ಬಿಚ್ಚಿ, ಎರಡು ಹಾಳೆ ತೆಗೆದರು.

“ಅವಳಿಗೊಂದು ಸಂಬಂಧ ಬಂದೈತೆ ಕಣ್ರೀ. ಹುಡುಗ ರೇಣುಕಾಪ್ರಸಾದ್ ಅಂತ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದ್ರಾಗೆ ಆಫೀಸರ್. ಸ್ಪೇನ್ ದೇಶದಾಗೆ ಓದಿ ಡಾಕ್ಟರ್ ಆಗಿದಾನಂತೆ. ಆದ್ರೆ ಕಾಗದ ಒಂದಕ್ಷರ ತಿಳಿಯಂಗಿಲ್ಲ. ನಮ್ಮ ಪಕ್ಕದ ಮನೆ ಜಯಪ್ಪ, ತಾಲ್ಲೂಕು ಕಚೇರಿಯಾಗೆ ರಿಟೈರ್ ಆದೋನು, ಅವನು ಹೇಳ್ದ. ಇಂಗ್ಲಿಷಿಗೆ ಮಾಡಿಸ್ರಿ, ಸೀಲ್ ಹೊಡಿಸ್ರಿ, ನಾನು ಓದಿ ನಿಜ ಸುಳ್ಳು ಹೇಳ್ತೀನಿ ಅಂತ. ನೀವು ಬರೀರಿ, ನಾನು ಇಲ್ಲೇ ಕೂತಿರ್ತೀನಿ.”

ಅಶ್ವಿನಿಯೇ ಕಳಿಸಿದಳಂತೆ! ಅವಳ ಸಂಬಂಧದ ಕಾಗದವನ್ನು ಓದಲು, ಹೋಗಿ ಹೋಗಿ ತನ್ನ ಹತ್ತಿರ! ಆದರೂ ಕೊಟ್ರೇಶ್ ಹಾಳೆ ಎಳೆದುಕೊಂಡು ಕನ್ನಡಕ ಏರಿಸಿದ. ಮೊದಲ ಸಾಲಿನಲ್ಲೇ ಒಂದು ಪದ ತೊಡಕಿತು. ಗಟ್ಟಿಯಾಗಿ ಓದಿಕೊಂಡ.

“ಬೇಕಾ...”

“ಬೇಡ್ರಿ, ಈಗ ತಾನೆ ಬಸ್ ಸ್ಟ್ಯಾಂಡಿನಾಗೆ ಕುಡ್ದು ಬಂದೆ,” ಎಂದರು ಮಹೇಶ್ವರಪ್ಪ.

“ಚಹಾ ಅಲ್ಲ ಯಜಮಾನ್ರೆ. ಇಲ್ಲಿ ಹಾಗಂತ ಬರೆದಿದೆ. ಬೇಕಾ ಅಂದ್ರೆ ಅವರಲ್ಲಿ ಸ್ಕಾಲರ್‌ಶಿಪ್.”

“ಹೌದಾ? ಬೇಕಾ ಅಂತ ಕೇಳಿ ಕೇಳಿ ಕೊಡ್ತಾರೇನ್ರಿ ಅಲ್ಲಿ! ಒಳ್ಳೆ ದೇಶ.”

ನಿಘಂಟು ತಿರುವುತ್ತ ಕೊಟ್ರೇಶ್ ಮೊದಲು ಸರಿಯಾಗಿಯೇ ಬರೆದ. ಅದನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ‘ಎಕ್ಸ್‌ಪೆದಿಯೆಂತೆ’ ಎಂದರೆ ಅಂಕಪಟ್ಟಿ. ‘ತೀತುಲೊ’ ಎಂದರೆ ಪದವಿ. ‘ಕಾಂಪೊ’ ಎಂದರೆ ಓದಿನ ವಿಷಯ, ಅದು ಮೆಕ್ಕೆಜೋಳದ ತಳಿ. ‘ಕೊನ್ವೊಕಾತೋರಿಯಾ’ ಎಂದರೆ ಪರೀಕ್ಷೆ. ಒಂದು ಪೇಪರಿಗೆ ಜೂನಿನಲ್ಲಿ ಕೂತಿಲ್ಲ, ಸೆಪ್ಟೆಂಬರಿನಲ್ಲಿ ಕೂತು ಪಾಸು. ಕೊನೆಗೆ ಪ್ರಬಂಧದ ಮೌಖಿಕ ಪರೀಕ್ಷೆ, ‘ದೆಫೆನ್ಸಾ’. ಪರೀಕ್ಷಕರ ಮಂಡಳಿಗೆ ‘ತ್ರಿಬುನಾಲ್’ ಎನ್ನುತ್ತಾರೆ. ಮೂರು ಜನ ಪರೀಕ್ಷಕರೂ ಒಮ್ಮತದಿಂದ ಹೊಗಳಿದ್ದಾರೆ.

ಬರೆದದ್ದನ್ನು ಓದಿಕೊಂಡಾಗ ಅವನಿಗೆ ತನ್ನ ಕೈಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸಿತು. ಇಷ್ಟು ಚೊಕ್ಕಟವಾದ ಹುಡುಗನಿಗೆ ಯಾವ ಮಾವ ತಾನೇ ಹೆಣ್ಣು ಕೊಡುವುದಿಲ್ಲ! ಬೆವರು ಒರೆಸಿಕೊಂಡು ಇನ್ನೊಮ್ಮೆ ನಿಘಂಟು ನೋಡಿದ. ಆಗ ಕಣ್ಣಿಗೆ ಬಿದ್ದದ್ದು ಒಂದು ಚಮತ್ಕಾರ. ಪ್ರತಿ ಪದಕ್ಕೂ ಕಾಲೇಜಿನ ಅರ್ಥದ ಪಕ್ಕದಲ್ಲೇ ಇನ್ನೊಂದು ಅರ್ಥ ಕೂತಿತ್ತು. ಎಕ್ಸ್‌ಪೆದಿಯೆಂತೆಗೆ ಕೇಸ್ ಫೈಲ್. ತೀತುಲೊಗೆ ಟೈಟಲ್. ಕಾಂಪೊಗೆ ಫೀಲ್ಡ್. ಕೊನ್ವೊಕಾತೋರಿಯಾಕ್ಕೆ ಸಮನ್ಸ್. ದೆಫೆನ್ಸಾ, ತ್ರಿಬುನಾಲ್ ಇವಕ್ಕಂತೂ ನಿಘಂಟೇ ಬೇಡ.

ಕೊಟ್ರೇಶ್ ಮೆಲ್ಲಗೆ ಮೊದಲಿನ ಹಾಳೆಯನ್ನು ಮುದುರಿ ಬುಟ್ಟಿಗೆ ಹಾಕಿದ. ಹೊಸ ಹಾಳೆಯಲ್ಲಿ ಪದಕ್ಕೆ ಪದ ಇಟ್ಟುಕೊಂಡು ಹೋದ. ಒಂದು ಪದವೂ ಸುಳ್ಳಲ್ಲ. ನಿಘಂಟು ಅಚ್ಚು ಹಾಕಿದವರು ಯಾರೋ, ಪಾಪವಿದ್ದರೆ ಅವರಿಗೆ. ಕೆಳಗೆ ಸಹಿ ಹಾಕಿ, ಟ್ಯುಟೋರಿಯಲ್‌ನ ಸೀಲನ್ನು ಎರಡು ಸಲ ಗುದ್ದಿದ.

“ಆಯ್ತಾ? ಹಂಗಾದ್ರೆ ನಡೀರಿ ಸೊರಬಕ್ಕೆ,” ಎಂದರು ಮಹೇಶ್ವರಪ್ಪ ಎದ್ದು ನಿಂತು. “ಬರೆದೋರು ಎದುರಿಗೇ ಇರ್ಬೇಕು ಅಂದಾನೆ ಜಯಪ್ಪ. ಊಟ ನಮ್ಮನೇಲೇ.”

ಬರೆದವನು ಎದುರಿಗಿರುವ ಯೋಚನೆ ಕೊಟ್ರೇಶನಿಗೆ ಸ್ವಲ್ಪವೂ ಇರಲಿಲ್ಲ. ಆದರೆ ಮಹೇಶ್ವರಪ್ಪನವರು ಆಗಲೇ ಅವನ ರಟ್ಟೆ ಹಿಡಿದು ಮೆಟ್ಟಿಲು ಇಳಿಸುತ್ತಿದ್ದರು.

ಬಸ್ಸಿನಲ್ಲಿ ಅವರು ಕಿಟಕಿಯ ಸೀಟನ್ನು ಅವನಿಗೇ ಬಿಟ್ಟುಕೊಟ್ಟರು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಇಳಿದು ಹೋಗಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದರು. ಮನುಷ್ಯ ಇಷ್ಟು ಒಳ್ಳೆಯವರೆಂದು ತಿಳಿದಿದ್ದರೆ ನಿಘಂಟಿನ ತಂಟೆಗೇ ಹೋಗುತ್ತಿರಲಿಲ್ಲ ಎಂದು ಕೊಟ್ರೇಶನಿಗೆ ಬಜ್ಜಿಯ ಜೊತೆ ಪಶ್ಚಾತ್ತಾಪವೂ ಇಳಿಯಿತು.

“ಮೇಷ್ಟ್ರೆ, ನಿಮ್ದು ಮದುವೆ ಆಗೈತಾ?”

“ಇಲ್ಲ ಯಜಮಾನ್ರೆ.”

“ಯಾರನ್ನಾದ್ರೂ ನೋಡೀರಾ?”

“ನೋಡೀನಿ.”

“ಮತ್ತೆ?”

“ಅವರ ಮನೆಯವರಿಗೆ ಇನ್ನೂ ಹೇಳಿಲ್ಲ.”

“ಅಯ್ಯೋ, ಎಂಥ ಗಂಡಸ್ರೀ ನೀವು! ಹುಡುಗೀ ಅಪ್ಪ ಏನು ಹುಲಿನಾ? ಎದುರಿಗೆ ಕೂತು ನಿಮ್ಮ ಮಗಳನ್ನ ಕೊಡ್ರಿ ಅನ್ನೋದಪ್ಪ. ತಡ ಮಾಡಿದ್ರೆ ಇನ್ನೊಬ್ಬ ಬಂದು ಹಾರಿಸ್ಕೊಂಡು ಹೋಗ್ತಾನೆ.”

ಕೊಟ್ರೇಶ್ ಬಾಯಿ ತೆರೆದ. ಒಳಗೆ ಬಜ್ಜಿಯಿತ್ತು. ಅದನ್ನು ನುಂಗುವ ಹೊತ್ತಿಗೆ ಮಹೇಶ್ವರಪ್ಪನವರು ತೊಗರ್ಸಿ ಹತ್ತಿರದ ತಮ್ಮ ಹೊಲದ ಕಥೆಗೆ ಬಂದಿದ್ದರು. ದಾಯಾದಿಗಳು ಬದು ಒತ್ತಿದ್ದಾರೆ, ತಮ್ಮ ತಂದೆಯ ಕಾಲದಿಂದ ಕೇಸು ನಡೆಯುತ್ತಿದೆ, ವಕೀಲರು ಮೂರು ತಲೆಮಾರು ಬದಲಾದರು, ಬದು ಮಾತ್ರ ಅಲ್ಲೇ ಇದೆ. ಸೊರಬ ಬರುವವರೆಗೂ ಆ ಬದು ಮುಗಿಯಲಿಲ್ಲ.

ಮನೆಯ ಪಡಸಾಲೆಯಲ್ಲಿ ಜಯಪ್ಪ ಚಾಪೆಯ ಮೇಲೆ ಕನ್ನಡಕ ಒರೆಸುತ್ತ ಸಿದ್ಧರಾಗಿ ಕೂತಿದ್ದರು. ತಾಲ್ಲೂಕು ಕಚೇರಿಯ ಭೂಮಿ ವಿಭಾಗದಲ್ಲಿ ಜೀವ ತೇಯ್ದವರು. ಭೂ ಸುಧಾರಣೆಯ ಕಾಲದ ಟ್ರಿಬ್ಯುನಲ್ ಫೈಲುಗಳನ್ನು ಹೊತ್ತು ಹೊತ್ತು ಅವರ ಒಂದು ಭುಜ ಇನ್ನೊಂದಕ್ಕಿಂತ ಕೆಳಗಿಳಿದಿತ್ತು. ಅವರಿಗೆ ತಿಳಿದಿದ್ದ ಇಂಗ್ಲಿಷ್ ಅಷ್ಟೂ ಆ ಫೈಲುಗಳಲ್ಲಿ ಇದ್ದದ್ದೇ. ಮನೆಯೊಡತಿ ರಾಜೇಶ್ವರಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಎದುರು ಮನೆಯ ಜಗದಾಂಬ ಮೊಸರಿಗೆ ಹೆಪ್ಪು ಕೇಳಲು ಬಂದವಳು, ಹೆಪ್ಪು ಸಿಕ್ಕಿದ ಮೇಲೂ ಹೋಗಲಿಲ್ಲ.

ಜಯಪ್ಪ ಕಾಗದ ಹಿಡಿದು ಒಂದು ಸಾಲು ಓದಿದರು. ಹುಬ್ಬು ಮೇಲೇರಿತು. ಎರಡನೆಯ ಸಾಲಿಗೆ ಎದ್ದು ಕೂತರು.

“ಮಹೇಶಣ್ಣ, ಇದೆಂತ ಮಾರಾಯ್ರೆ? ಇದು ಮಾರ್ಕ್ಸ್ ಕಾರ್ಡ್ ಅಲ್ಲ. ಕೇಸ್ ಫೈಲು!”

“ಕೇಸಾ?” ಎಂದರು ರಾಜೇಶ್ವರಮ್ಮ.

“ಕೇಳಿ. ಟೈಟಲ್: ಡಾಕ್ಟರ್. ಟೈಟಲ್ ಅಂದ್ರೆ ಹಕ್ಕು ಅಲ್ದಾ? ಹಕ್ಕುದಾರ ಯಾರು, ಈ ಡಾಕ್ಟರ್. ಫೀಲ್ಡ್: ಮೇಜ್. ಫೀಲ್ಡ್ ಅಂದ್ರೆ ಹೊಲ, ಬೆಳೆ ಕಾಲಂನಲ್ಲಿ ಮೆಕ್ಕೆಜೋಳ. ಮೇಲುಗಡೆ ನಂಬರ್ ಉಂಟು, ಸರ್ವೆ ನಂಬರೇ ಸೈ. ಇದು ಸ್ಪೇನ್ ದೇಶದ ಪಹಣಿ! ಓದ್ಲಿಕ್ಕೆ ಹೋದವ ಅಲ್ಲಿ ಯಾರದೋ ಜೋಳದ ಹೊಲ ಒಳಗೆ ಹಾಕ್ಕೊಂಡಿದ್ದಾನೆ.”

“ಫೋಟೋದಾಗೆ ಅವನ ಹುಬ್ಬು ನೋಡಿದಾಗ್ಲೇ ಅಂದ್ಕೊಂಡೆ,” ಎಂದಳು ಜಗದಾಂಬ.

“ಜೂನ್ ತಿಂಗಳ ಸಮನ್ಸ್‌ಗೆ ಗೈರುಹಾಜರು,” ಎಂದು ಜಯಪ್ಪ ಮುಂದುವರಿಸಿದರು. “ಸೆಪ್ಟೆಂಬರಿಗೆ ಇನ್ನೊಂದು ಸಮನ್ಸ್. ಆಮೇಲೆ ಟ್ರಿಬ್ಯುನಲ್ ಮುಂದೆ ಡಿಫೆನ್ಸ್. ಒಬ್ಬರಲ್ಲ, ಮೂರು ಜನ ಮೆಂಬರು.”

ಕೊಟ್ರೇಶ್ ತಲೆ ತಗ್ಗಿಸಿ ಕೂತಿದ್ದ. ನಾಚಿಕೆಗೆಂದು ಬೇರೆಯವರು ತಿಳಿದರು. ಅವನು ನಗು ಬರದಿರಲೆಂದು ಕೆನ್ನೆ ಕಚ್ಚಿಕೊಂಡಿದ್ದ. ತಾನು ಒಂದು ಸಣ್ಣ ಅನುಮಾನದ ಕಿಡಿ ಹಚ್ಚಿದರೆ ಜಯಪ್ಪ ಬಣವೆಯನ್ನೇ ತಂದು ಸುರಿದಿದ್ದರು.

“ನಂಗೆ ಈ ಸಂಬಂಧ ಬ್ಯಾಡ,” ಎಂದುಬಿಟ್ಟರು ರಾಜೇಶ್ವರಮ್ಮ. “ಈ ಮನೆಗೆ ಬಂದಾಗಿಂದ ನೋಡೀನಿ, ಹಬ್ಬ ಬಂದ್ರೂ ವಾಯಿದೆ, ಹೆರಿಗೆ ಆದ್ರೂ ವಾಯಿದೆ. ಅಶ್ವಿನಿ ಹುಟ್ಟಿದ ದಿನ ಇವ್ರು ಎಲ್ಲಿದ್ರು ಕೇಳ್ರಿ. ಆ ಬದುವಿನ ಮೇಲೆ ಅಳತೆ ಸರಪಣಿ ಹಿಡ್ಕೊಂಡು ನಿಂತಿದ್ರು. ನನ್ನ ಮಗಳೂ ಕೋರ್ಟಿಗೆ ಬುತ್ತಿ ಕಟ್ಟೋದು ಬ್ಯಾಡ.”

ಕೊಟ್ರೇಶನಿಗೆ ಆ ತಾಯಿಯ ಕಾಲಿಗೆ ಬೀಳಬೇಕು ಅನ್ನಿಸಿತು. ಇಂಥ ಅತ್ತೆ ಸಿಗಲು ಏಳು ಜನ್ಮದ ಪುಣ್ಯ ಬೇಕು. ಜೋಳದ ರೊಟ್ಟಿ, ಎಣಗಾಯಿ ಬಂದವು. ಅವನು ಹಸಿದವನಂತೆ ಉಂಡ.

“ತಡೀರಿ, ಇನ್ನೊಂದು ಸಾಲು ಉಂಟು,” ಎಂದರು ಜಯಪ್ಪ. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆಮೇಲೆ ಬಂದದ್ದು ಪಿಸುಮಾತು. “ಯುನಾನಿಮಸ್.”

“ಹಂಗಂದ್ರೆ?”

“ಒಮ್ಮತದ ತೀರ್ಪು ಮಹೇಶಣ್ಣ. ಮೂರಕ್ಕೆ ಮೂರೂ ಮೆಂಬರು ಇವನ ಕಡೆ. ನನ್ನ ಸರ್ವೀಸಿನಲ್ಲಿ ಒಂದೇ ಒಂದು ಟ್ರಿಬ್ಯುನಲ್ ಒಮ್ಮತಕ್ಕೆ ಬಂದದ್ದು ನಾನು ಕಂಡಿಲ್ಲ. ಅದೂ ಪರದೇಶದಲ್ಲಿ, ಗುರುತು ಪರಿಚಯ ಇಲ್ಲದ ಕಡೆ, ವಕೀಲನ ಹೆಸರೂ ಕಾಣ್ತಿಲ್ಲ. ತಾನೇ ವಾದ ಮಾಡಿ ಗೆದ್ದಿದ್ದಾನೆ!”

ಮಹೇಶ್ವರಪ್ಪನವರ ಮುಖ ಹಬ್ಬದ ದಿನ ಎಣ್ಣೆ ಹಚ್ಚಿದ ಬಾಗಿಲಂತೆ ಮಿನುಗತೊಡಗಿತು.

“ಒಂದೇ ಸಮನ್ಸು ತಪ್ಪಿಸಿದಾನೆ, ಎರಡನೇದಕ್ಕೆ ಮುಗಿಸಿದಾನೆ,” ಎಂದು ಅವರು ತಮಗೆ ತಾವೇ ಹೇಳಿಕೊಂಡರು. “ನಮ್ಮ ಬದು ನಮ್ಮಪ್ಪನ ಕಾಲದಿಂದ ಬಿದ್ದೈತೆ. ಜಯಪ್ಪ, ಇಂಥ ಅಳಿಯ ದೀಪ ಹಚ್ಕೊಂಡು ಹುಡುಕಿದ್ರೂ ಸಿಗ್ತಾನೇನೋ?”

“ರೀ, ನಾನು ಬ್ಯಾಡ ಅಂದೆ!” ಎಂದರು ರಾಜೇಶ್ವರಮ್ಮ.

“ನೀ ಸುಮ್ನಿರೆ. ಶಿವಯೋಗಿಗೆ ಫೋನ್ ಹಚ್ತೀನಿ.”

ಶಿವಯೋಗಿ ಸಂಬಂಧ ತಂದ ದಲ್ಲಾಳಿ. ಊಟ ಬಿಟ್ಟು ಎದ್ದು, ಎಂಜಲು ಕೈಯನ್ನು ಮೇಲೆತ್ತಿ ಹಿಡಿದು, ಎಡಗೈಯಲ್ಲಿ ಫೋನು ಒತ್ತಿ, “ಶಿವಯೋಗಿ, ಹುಡುಗ ನಮಗೆ ಒಪ್ಪಿಗೆ. ಹೌದು, ಮಾತು ಅಂದ್ರೆ ಮಾತು,” ಎಂದು ಇಡೀ ಓಣಿಗೆ ಕೇಳುವಂತೆ ಕೂಗಿಯೇಬಿಟ್ಟರು ಮಹೇಶ್ವರಪ್ಪ.

ಕೊಟ್ರೇಶನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಇನ್ನು ಒಂದೇ ದಾರಿ. ಮೇಲೆದ್ದು ನಿಂತ.

“ಯಜಮಾನ್ರೆ, ಅದು ಕೇಸಲ್ಲ! ಪರೀಕ್ಷೆ!”

ಎಲ್ಲರೂ ತಿರುಗಿ ನೋಡಿದರು. ಅವನು ಒಂದೇ ಉಸಿರಿಗೆ ಒಪ್ಪಿಸಿದ. ಟೈಟಲ್ ಎಂದರೆ ಪದವಿ, ಫೀಲ್ಡ್ ಎಂದರೆ ಓದಿದ ವಿಷಯ, ಸಮನ್ಸ್ ಎಂದರೆ ಪರೀಕ್ಷೆ, ಟ್ರಿಬ್ಯುನಲ್ ಎಂದರೆ ಮೂವರು ಮೇಷ್ಟ್ರು. ಆ ಹುಡುಗ ಹೊಲ ಗೆದ್ದಿಲ್ಲ, ಕೋರ್ಟಿನ ಮೆಟ್ಟಿಲು ಹತ್ತಿಲ್ಲ, ಅವನಿಂದ ನಿಮ್ಮ ಬದು ಒಂದು ಗೇಣೂ ಅಲ್ಲಾಡುವುದಿಲ್ಲ.

“ಮತ್ತೆ ಹಿಂಗ್ಯಾಕೆ ಬರೆದ್ರಿ?” ಎಂದು ಜಯಪ್ಪ ಗುಡುಗಿದರು.

“ಅದು... ಪದಕ್ಕೆ ಪದ ಹಾಕಿದ್ರೆ ಹಂಗಾಗುತ್ತೆ.”

“ಅಂದ್ರೆ ಹುಡುಗನ ಮೇಲೆ ಕೇಸಿಲ್ಲ?” ಎಂದು ರಾಜೇಶ್ವರಮ್ಮ ಮುಂದೆ ಬಂದರು.

“ಒಂದೂ ಇಲ್ಲ ಅಮ್ಮಾರೆ.”

“ವಾಯಿದೆ, ವಕೀಲರು, ಏನೂ ಇಲ್ಲ?”

“ಬರೀ ಓದು. ಅವನು ಓದಿದ್ದು ಬಿಟ್ರೆ ಬೇರೆ ಏನೂ...” ಎನ್ನುವಾಗ ಕೊಟ್ರೇಶನಿಗೆ ತಾನು ಎಲ್ಲಿ ನಿಂತಿದ್ದೇನೆಂದು ಹೊಳೆಯಿತು. ಆದರೆ ಮಾತು ಹೊರಗೆ ಬಂದಾಗಿತ್ತು.

“ಹಂಗಾದ್ರೆ ನಂಗೂ ಒಪ್ಪಿಗೆ,” ಎಂದರು ರಾಜೇಶ್ವರಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. “ಪುಣ್ಯ ಬರ್ಲಿ ಮೇಷ್ಟ್ರೆ ನಿಮಗೆ. ನೀವೊಬ್ರು ಬಾಯಿ ಬಿಡದಿದ್ರೆ ನಾನು ಬಂಗಾರದಂಥ ಹುಡುಗನ್ನ ಕಳ್ಕೊಂತಿದ್ದೆ.”

ಮಹೇಶ್ವರಪ್ಪನವರಿಗೆ ಬದು ಮತ್ತೆ ಕೈತಪ್ಪಿದ ದುಃಖ. ಆಮೇಲೆ ಅವರೇ ಸಮಾಧಾನ ಮಾಡಿಕೊಂಡರು.

“ಹೋಗ್ಲಿ ಬಿಡ್ರಿ. ಮಾತಂತೂ ಕೊಟ್ಟಾಯ್ತು. ಬದು ಬಿಡಿಸ್ದಿದ್ರೂ ಜೋಳಕ್ಕೆ ಒಳ್ಳೆ ಬೀಜನಾದ್ರೂ ಕೊಡ್ಸ್ತಾನೆ.”

ಸಂಜೆ ಅಶ್ವಿನಿ ಕೆಲಸದಿಂದ ಬಂದಾಗ ಮನೆಯಲ್ಲಿ ಕೇಸರಿಬಾತಿನ ವಾಸನೆ ತುಂಬಿತ್ತು. ಜಗದಾಂಬ ಅಂಗಳದಲ್ಲೇ ಹಿಡಿದು ನಿಲ್ಲಿಸಿ ಸಮಾಚಾರವನ್ನೆಲ್ಲ ಹೇಳಿ ಮುಗಿಸಿದಳು. ಸಿಹಿ ತಿಂದೇ ಹೋಗಬೇಕೆಂದು ಅಲ್ಲಿಯವರೆಗೂ ಕೂರಿಸಿಕೊಂಡಿದ್ದವರ ಕಣ್ಣು ತಪ್ಪಿಸಿ ಕೊಟ್ರೇಶ್ ಜಗಲಿಯ ಕೆಳಗೆ ಚಪ್ಪಲಿ ಹುಡುಕುತ್ತಿದ್ದ. ಅಶ್ವಿನಿ ಅವನ ಹತ್ತಿರ ಬಂದು ನಿಂತಳು.

“ಸರ್, ಆ ಕಾಗದ ಮನೆಗೆ ಬಂದ ದಿನಾನೇ ನಾನು ಓದಿದ್ದೆ.”

“ಹೇಗೆ?”

“ಫೋನಿನಲ್ಲಿ ಫೋಟೋ ಹೊಡೆದೆ. ಕ್ಷಣದಲ್ಲಿ ಇಂಗ್ಲಿಷಿಗೆ ಬಂತು. ಕನ್ನಡಕ್ಕೂ ಬಂತು.”

“ಮತ್ತೆ ನನ್ನ ಹತ್ರ ಯಾಕೆ ಕಳಿಸಿದ್ರಿ?”

ಅಶ್ವಿನಿ ಅವನನ್ನೇ ನೋಡಿದಳು. ಬಸ್ಸಿನ ಕಿಟಕಿಯ ಕಡೆ ತಿರುಗುತ್ತಿದ್ದ ಮುಖ ಇವತ್ತು ತಿರುಗಲಿಲ್ಲ. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು.

“ಕಾಗದ ಓದ್ಲಿ ಅಂತ ಕಳಿಸಿದ್ದಲ್ಲ ಸರ್. ಅಪ್ಪಾಜಿನ ಕಳಿಸಿದ್ದೆ. ನಿಮಗೆ ನಮ್ಮನೆಗೆ ಬರೋಕೆ ಧೈರ್ಯ ಸಾಲ್ದು ಅಂತ ಅವರನ್ನೇ ನಿಮ್ಮ ಟೇಬಲ್ ಮುಂದೆ ಕೂರಿಸಿದೆ. ಬಸ್ಸಲ್ಲೂ ಪಕ್ಕದಲ್ಲೇ ಕೂತಿದ್ರಂತೆ. ಒಂದು ಮಾತು. ನೀವು ಆಡ್ಬೇಕಿದ್ದದ್ದು ಒಂದೇ ಒಂದು ಮಾತು.”

ಕೊಟ್ರೇಶನ ಕೈಯಿಂದ ಚಪ್ಪಲಿ ಜಾರಿತು. “ಈಗ... ಈಗ ಹೇಳಿದ್ರೆ?”

“ಅಪ್ಪಾಜಿ ಮಾತು ಕೊಟ್ಟಾಗಿದೆ. ಆದ್ರೂ ನಾನಿನ್ನೂ ಹೂಂ ಅಂದಿಲ್ಲ,” ಎಂದಳು ಅಶ್ವಿನಿ.

ಅಷ್ಟರಲ್ಲಿ ಮಹೇಶ್ವರಪ್ಪನವರೇ ಕೇಸರಿಬಾತಿನ ತಟ್ಟೆ ಹಿಡಿದು ಹೊರಗೆ ಬಂದರು.

“ಬಾಯಿ ಸಿಹಿ ಮಾಡ್ಕೊಂಡು ಹೋಗ್ರಿ ಮೇಷ್ಟ್ರೆ. ಹಾಂ, ಹುಡುಗನ ಗುರುಗಳು ಸ್ಪೇನಿನಾಗೆ ಇದಾರಂತಲ್ಲ, ಅವರಿಗೂ ಲಗ್ನಪತ್ರಿಕೆ ಕಳಿಸ್ಬೇಕು. ಅವರ ಭಾಷೆಯಾಗೆ ನೀವೇ ಬರೆದುಕೊಡ್ರಿ. ಈ ಸಲ ಪದಕ್ಕೆ ಪದ ಬ್ಯಾಡ.” ಆಮೇಲೆ ಅವನ ಮುಖ ನೋಡಿ ಒಂದು ಕ್ಷಣ ನಿಂತರು. “ಯಾಕ್ರಿ, ಒಂಥರಾ ಇದೀರಿ? ಏನಾದ್ರೂ ಹೇಳೋದಿತ್ತೇನ್ರಿ?”

ಕೊಟ್ರೇಶ್ ಅಶ್ವಿನಿಯನ್ನು ನೋಡಿದ, ಅವಳ ತಂದೆಯನ್ನು ನೋಡಿದ, ತಟ್ಟೆಯನ್ನು ನೋಡಿದ. ವಾಕ್ಯ ಗಂಟಲವರೆಗೆ ಬಂತು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸರಿಯಾಗಿ ಜೋಡಣೆಯಾಗಿ ನಿಂತಿದ್ದವು.

“ಏನಿಲ್ಲ ಯಜಮಾನ್ರೆ,” ಎಂದ ಕೊಟ್ರೇಶ್. “ಮುಹೂರ್ತ ಬೆಳಗ್ಗೆದೋ ಗೋಧೂಳಿದೋ, ಅದೊಂದು ಹೇಳಿಬಿಡ್ರಿ. ಪತ್ರಿಕೆಗೆ ಬೇಕಾಗುತ್ತೆ.”

“ಗೋಧೂಳಿದೇ ಬರೀರಿ ಸರ್,” ಎಂದಳು ಅಶ್ವಿನಿ, ಮತ್ತು ಒಳಗೆ ಹೋಗಿ ಅಮ್ಮನಿಗೆ ಹೂಂ ಎಂದಳು.